ಶೆಡ್ಡಿನೊಳಗಿನ ಸಮುದ್ರ

ಹಗರಿಬೊಮ್ಮನಹಳ್ಳಿಯ ಗವಿಸಿದ್ದೇಶನ ಕಾರು ವರ್ಷವಿಡೀ ಬಿಸಿಲಲ್ಲಿ ಒಣಗುತ್ತದೆ. ಕಾರ್ ಶೆಡ್ಡಿಗೆ ಬೀಗ ಜಡಿದು ಅವನು ಒಳಗೆ ಸಮುದ್ರ ಸಾಕಿದ್ದಾನೆ. ಒಂದು ಗಾಜಿನ ತೊಟ್ಟಿ, ಗುರುಗುಟ್ಟುವ ಮೂರು ಪಂಪು, ಬಿಳಿ ಪಟ್ಟೆಯ ಒಂದೇ ಒಂದು ಕಿತ್ತಳೆ ಮೀನು. ಇಷ್ಟಕ್ಕಾಗಿ ಊರನ್ನೆಲ್ಲ ಅನುಮಾನಿಸುತ್ತಾನೆ. ಉಪ್ಪು ಅಳೆಯುವ ಮೀಟರು ಸುಳ್ಳು ಹೇಳುತ್ತದೆಂದು ಇನ್ನೊಂದು ತಂದ. ಎರಡೂ ಸೇರಿ ಮೋಸ ಮಾಡುತ್ತಿವೆಯೆಂದು ಈಗ ಸಾರಿನ ರುಚಿ ನೋಡುವಂತೆ ನೀರನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕುತ್ತಾನೆ. ಕರೆಂಟು ಹೋದರೆ, "ಬೇಕಂತನ ತಗದಾನ್ರಿ ಆ ಲೈನ್‌ಮ್ಯಾನು!" ನೋಡಲು ಬಂದ ಬೀಗರಿಗೇ, "ಹಣಿ ಒರಸ್ಕೊಂಡು ಬರ್ರಿ, ವಿಭೂತಿ ಉದುರಿದ್ರ ನೀರು ಕೆಡ್ತೈತಿ" ಎಂದು ಹೇಳಿ ಮುನಿಸು ಕಟ್ಟಿಕೊಂಡವನು. ಹೆಂಡತಿ ಸುಮಲತಾಳನ್ನೂ ಬಿಟ್ಟಿಲ್ಲ: "ಸೋಪಿನ ಕೈ ಇದ್ರಾಗ ಅದ್ದಿಯೇನು?" ಅವಳದು ಒಂದೇ ಉತ್ತರ: "ನಿಮ್ಮನ್ನ ಕಂಡ್ರ ಅದ್ಯಾಕ ಅಡಗ್ತೈತಿ, ಮೊದ್ಲು ಅದನ್ನ ಹೇಳ್ರಿ." ಮಾತು ನಿಜ. ಗಳಿಗೆಗೊಮ್ಮೆ ಬಂದು ಇಣುಕುವ ಅವನನ್ನು ಕಂಡೊಡನೆ ಮೀನು ಕಲ್ಲಿನ ಸಂದಿ ಸೇರುತ್ತದೆ; ಅವಳು ಬಂದರೆ ಗಾಜಿಗೆ ಮೂತಿ ಹಚ್ಚಿ ನಿಲ್ಲುತ್ತದೆ. ಅದಕ್ಕೇ ಈಗ ದಿನಾ ಬೆಳಗ್ಗೆ ಬೀಗ ತೆಗೆದು ಅವಳನ್ನು ಮುಂದೆ ಬಿಡುತ್ತಾನೆ. ತಾನು ಅವಳ ಸೆರಗಿನ ಹಿಂದೆ ಕುಕ್ಕರುಗಾಲಲ್ಲಿ ಕೂತು, ಉಸಿರು ಬಿಗಿಹಿಡಿದು, ತನ್ನದೇ ಮೀನನ್ನು ಕದ್ದು ನೋಡುತ್ತಾನೆ.