ಕರಜಗಿಗೆ ಕಳಿಸಿದ ಮಲ್ಲಿಗೆ

ನಾನು ಹಗಲುಗನಸಿನವಳು. ಜೋಳ ಹಸನು ಮಾಡಲು ಕೂತರೆ ಕಲ್ಲು ಮೊರದಲ್ಲಿ ಉಳಿದು ಕಾಳು ಹೊರಗೆ ಬೀಳುತ್ತದೆ. ಜೇವರ್ಗಿಯ ನನ್ನ ಬಾಡಿಗೆ ಮನೆಯ ಮುಂದೆ ದಿನವಿಡೀ ಲಾರಿಗಳು ಓಡುತ್ತವೆ, ನನಗೆ ಒಂದೂ ಕೇಳಿಸುವುದಿಲ್ಲ. ಆ ವರ್ಷ ಕಣ್ಣು ಮುಚ್ಚಿದರೆ ಸಾಕು, ತಂಗಿಯ ಬರಿ ಹೆರಳು ಕಾಣುತ್ತಿತ್ತು.

ತಂಗಿ ಇರುವುದು ಕರಜಗಿಯಲ್ಲಿ. ಗಂಡ ತೀರಿಕೊಂಡು ಆಗ ಮೂರು ವರ್ಷವಾಗಿತ್ತು. ಕಬ್ಬಿನ ಹೊಲ ಅವಳೇ ನೋಡಿಕೊಳ್ಳುತ್ತಿದ್ದಳು, ಆಳುಗಳನ್ನು ಗದರಿಸಿ ಕೆಲಸ ತೆಗೆಯುತ್ತಿದ್ದಳು. ಹೂ ಮಾತ್ರ ಮುಡಿಯುತ್ತಿರಲಿಲ್ಲ. ಬೇಡವೆಂದು ಯಾರೂ ಹೇಳಿರಲಿಲ್ಲ. ನಮ್ಮದು ಶರಣರ ಮನೆತನ, ಇಂಥದ್ದನ್ನೆಲ್ಲ ನಾವು ನಂಬುವುದಿಲ್ಲ ಎಂದು ಎದೆಯುಬ್ಬಿಸಿ ಹೇಳುವವರು ನಾವು. ಆದರೆ ಹಬ್ಬದ ದಿನ ಹೂವಿನ ತಟ್ಟೆ ಅವಳನ್ನು ದಾಟಿ ಮುಂದಕ್ಕೆ ಹೋಗುತ್ತಿತ್ತು. ನಾನೂ ದಾಟಿಸಿದ್ದೇನೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಎದುರಿಗೆ ನಿಂತು ಮುಡಿ ಎನ್ನಲು ಧೈರ್ಯವಿರಲಿಲ್ಲ. ಬೇಡ ಎಂದರೆ? ಅತ್ತರೆ? ಅದಕ್ಕೇ ಅವಳು ಹುಟ್ಟಿದ ದಿನ ಬೆಳಿಗ್ಗೆ ಅಫಜಲಪುರದ ಒಂದು ಹೂವಿನ ಅಂಗಡಿಗೆ ಫೋನು ಮಾಡಿದೆ. ಹಳ್ಳಿಹಳ್ಳಿಗೂ ಹೂ ಮುಟ್ಟಿಸುತ್ತೇವೆಂದು ಅವರು ಮೊಬೈಲಿನಲ್ಲಿ ಜಾಹೀರಾತು ಹಾಕಿದ್ದರು.

"ಎರಡು ಮಾರು ಮಲ್ಲಿಗಿ ಮಾಲಿ ಬೇಕ್ರಿ, ಒತ್ತಾಗಿ ಕಟ್ಟಿದ್ದು."

"ಆಯ್ತ್ರಿ ಅಕ್ಕಾರ. ಯಾರ ಮನಿಗ್ರಿ?"

ತಂಗಿಯ ಗಂಡನ ಹೆಸರು ಹೇಳಿದೆ. ಅಂಗಡಿಯವ ಆ ಹೆಸರನ್ನು ತಾನೂ ಒಮ್ಮೆ ಹೇಳಿಕೊಂಡ.

"ಗೊತ್ತಾತ್ರಿ. ಬರೋಬ್ಬರಿ ಕಳಸ್ತೇನಿ, ನೀವು ಕಾಳಜಿ ಬಿಡ್ರಿ."

ನಾನು ಕಾಳಜಿ ಬಿಟ್ಟೆ. ಹೂವಿನ ಜೊತೆ ಮನಸ್ಸಿನಲ್ಲೇ ನಾನೂ ಹೊರಟೆ. ಒದ್ದೆ ಬಟ್ಟೆಯಲ್ಲಿ ಸುತ್ತಿದ ಮಾಲೆ ಕಬ್ಬಿನ ಹೊಲಗಳ ನಡುವೆ ತೇಲಿ ಹೋಯಿತು, ದಾರಿಯ ಧೂಳೂ ಘಮಘಮಿಸಿತು. ತಂಗಿ ಬಾಗಿಲು ತೆರೆದಳು, ನಕ್ಕಳು, ಹೆರಳನ್ನು ಮುಂದಕ್ಕೆ ಎಳೆದುಕೊಂಡಳು. ಇತ್ತ ಒಲೆಯ ಮೇಲಿನ ಹಾಲು ಉಕ್ಕಿ ಅರ್ಧವಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಅವಳ ಫೋನು ಬಂತು.

"ಅಕ್ಕಾ, ಹಾರ ಬಂತು."

"ಹಾರ?"

"ಚೆಂಡು ಹೂವಿಂದು, ದೊಡ್ಡದು. ನಡುವ ಗುಲಾಬಿ ಹಾಕ್ಯಾರ. ಅವ್ರ ಫೋಟೋಕ್ಕ ಹಾಕೇನಿ. ಛಂದ ಕಾಣಾಕತ್ತದ."

ಗಂಡ ಸತ್ತವಳ ಮನೆಗೆ ಹೂವೆಂದರೆ ಫೋಟೋಕ್ಕೇ ಇರಬೇಕು, ಅಕ್ಕಾರು ಪಾಪ ಮರೆತು ಮಲ್ಲಿಗೆ ಎಂದಿದ್ದಾರೆ ಎಂದುಕೊಂಡು ಅಂಗಡಿಯವ ತಾನೇ ತಿದ್ದಿ ಕಳಿಸಿದ್ದ. ನನಗೆ ಮೈಯೆಲ್ಲ ಉರಿಯಿತು. ಅವನ ಜನ್ಮ ಜಾಲಾಡಬೇಕು ಎಂದುಕೊಂಡೆ. ಆದರೆ ಅವನು ಮಾಡಿದ್ದು ನಾವು ಮೂರು ವರ್ಷದಿಂದ ಮಾಡುತ್ತಿದ್ದದ್ದನ್ನೇ.

ತಂಗಿ ಫೋನು ಇಡಲಿಲ್ಲ.

"ಅಕ್ಕಾ," ಎಂದಳು ಸಣ್ಣ ದನಿಯಲ್ಲಿ. "ಹುಟ್ಟಿದ ದಿನ ನಂದು. ಅವ್ರಿಗೆ ಹೂ ಕಳಸಿದಿ. ನನಗ?"

ಮನೆಗೆ ಬೀಗ ಹಾಕಿ ಹೊರಟೆ. ಬಸ್ ನಿಲ್ದಾಣದ ಹೂವಿನವಳ ಬುಟ್ಟಿಯಲ್ಲಿದ್ದ ಮಲ್ಲಿಗೆಯನ್ನೆಲ್ಲ ಕೊಂಡು, ಉಡಿಯಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಜೀವಮಾನದಲ್ಲಿ ಮೊದಲ ಸಲ ಬಸ್ಸಿನಲ್ಲಿ ಕಣ್ಣು ಮುಚ್ಚಲಿಲ್ಲ.

ಹೊತ್ತು ಇಳಿಯುವಾಗ ಕರಜಗಿ ಮುಟ್ಟಿದೆ. ತಂಗಿ ತಲೆ ಬಾಚಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ನನ್ನನ್ನು ನೋಡಿ, ಹೆರಳು ನನ್ನ ಕಡೆ ಬರುವಂತೆ ಬೆನ್ನು ತಿರುಗಿಸಿ ಕೂತಳು. ಮಲ್ಲಿಗೆ ಮುಡಿಸುವಾಗ ಪಿನ್ನು ಎರಡು ಸಲ ಜಾರಿತು.

"ಗಟ್ಟಿ ಹಾಕಕ್ಕಾ," ಎಂದಳು. "ಆಳು ಇನ್ನೂ ಹೊಲದಾಗ ಅದಾರ. ಒಂದ್ ಸುತ್ತ ಹೋಗಿ ಬರ್ತೇನಿ, ಎಲ್ಲಾರೂ ನೋಡಲಿ."