ಕನ್ಯೆ ನೋಡುವ ದಿನಕ್ಕೊಂದು ಗುಪ್ತ ಭಾಷೆ

1979ರ ನವೆಂಬರ್ ತಿಂಗಳ ಒಂದು ರವಿವಾರ, ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ಬಾಡಿಗೆದಾರರು ತುಂಬಿದ ಪುಣೆಯ ಹಳೆಯ ವಾಡೆಯೊಂದರಲ್ಲಿ ನಮ್ಮ ಒಂದೇ ಕೋಣೆಯ ಮನೆ. ಹಾಜರಿದ್ದವರು: ನಾನು, ನನ್ನ ತಂಗಿ, ಅವಳನ್ನು ನೋಡಲು ಸೊಲ್ಲಾಪುರದಿಂದ ಬಂದ ವರ, ಅವನ ತಾಯಿ. ಹತ್ತು ನಿಮಿಷ ತಡವಾಗಿ ಬಂದಿದ್ದರು. ನಾನು ಗಡಿಯಾರ ನೋಡಿದೆ.

ಆರರ ಬಸ್ಸಿಗೆ ಹೊರಡುವ ಮೊದಲು ಉತ್ತರ ಬೇಕೆಂದು ಅವರು ಪತ್ರದಲ್ಲೇ ತಿಳಿಸಿದ್ದರು. ತಂಗಿಯನ್ನು ಕರೆದು ಕೇಳೋಣವೆಂದರೆ ಒಳಕೋಣೆ ಇಲ್ಲ. ಕನ್ನಡ, ಮರಾಠಿ, ಹಿಂದಿ ಮೂರೂ ಅವರಿಗೆ ಬರುತ್ತಿದ್ದವು. ವರ ಬಿ.ಕಾಂ., ಆದ್ದರಿಂದ ಇಂಗ್ಲಿಷೂ ಭದ್ರವಲ್ಲ. ಹೀಗಾಗಿ ಒಂದು ತಿಂಗಳ ಮೊದಲೇ ನಾನೊಂದು ಭಾಷೆ ಕಟ್ಟಿದ್ದೆ.

ನಿಯಮ ಸರಳ. ವ್ಯಂಜನ ಅಲುಗಬಾರದು, ಸ್ವರವಷ್ಟೇ ಬದಲಾಗಬೇಕು. ಮೊದಲ ಸ್ವರ ಬದಲಾದರೆ ಎರಡನೆಯದೂ ಅದನ್ನೇ ಹಿಂಬಾಲಿಸಬೇಕು. ಝಿಪಿ ಎಂದರೆ ಒಪ್ಪಿಗೆ, ಝೆಪೆ ಎಂದರೆ ಯೋಚಿಸಬೇಕು, ಝುಪು ಎಂದರೆ ಬೇಡ. ಹೀಗೆಯೇ ಇನ್ನೂ ಇಪ್ಪತ್ತು ಶಬ್ದ.

“ನಾಕೈದು ಅಪವಾದ ಇರ್ಲಿ ಅಣ್ಣಾ. ಖರೇ ಭಾಷಾದಾಗ ಇರ್ತಾವ,” ಎಂದಿದ್ದಳು ತಂಗಿ.

“ನನ್ನ ಭಾಷಾದಾಗ ಇರೂದಿಲ್ಲ.”

ಪ್ರತಿದಿನ ಬೆಳಿಗ್ಗೆ ಐದೂವರೆಗೆ ಪಾಠ. ನಾನು ಗಟ್ಟಿಯಾಗಿ ಶಬ್ದ ಹೇಳಬೇಕು, ಅವಳು ಅಷ್ಟೇ ಗಟ್ಟಿಯಾಗಿ ಅರ್ಥ ಹೇಳಬೇಕು, ಒಮ್ಮೆ ಕನ್ನಡದಲ್ಲಿ, ಒಮ್ಮೆ ಮರಾಠಿಯಲ್ಲಿ. ಒಂದು ದಿನವೂ ತಪ್ಪಿಸಲಿಲ್ಲ.

ತಂಗಿ ಟೈಪಿಂಗ್ ಪರೀಕ್ಷೆ ಪಾಸಾಗಿ ಆಗಷ್ಟೇ ಕೆಲಸಕ್ಕೆ ಸೇರಿದ್ದಳು. ವರನ ತಾಯಿ ಕೂತವರೇ, “ಮದಿವಿ ಆದ ಮ್ಯಾಲೆ ನೌಕರಿ ಗೀಕರಿ ಬ್ಯಾಡ್ರಿ. ಮನ್ಯಾಗ ಏನ್ ಕಮ್ಮಿ ಅದ?” ಎಂದರು.

ತಂಗಿ ಚಹಾದ ಟ್ರೇ ನನ್ನ ಮುಂದೆ ಹಿಡಿದಳು. “ಅಣ್ಣಾ, ಸಕ್ಕರಿ ಝುಪು.”

“ಝುಪು ಅಂದ್ರ?” ವರನ ತಾಯಿ ಕೇಳಿದರು.

“ಅದೊಂದು ನಮೂನಿ ಸಕ್ಕರೀರಿ,” ಎಂದೆ.

ಅಷ್ಟರಲ್ಲಿ ಪಕ್ಕದ ಕೋಣೆಯ ಮಾವಶಿ ಅವಲಕ್ಕಿಯ ತಟ್ಟೆ ಹಿಡಿದು ಬಾಗಿಲಿಗೆ ಬಂದಿದ್ದರು. ಮರಾಠಿ ಹೆಂಗಸು; ನಮಗೆ ಚಿಕ್ಕಮ್ಮನಂತೆ, ಅದಕ್ಕೇ ಮಾವಶಿ. ಅವರ ಕೋಣೆಗೂ ನಮ್ಮದಕ್ಕೂ ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ. ಮಾಸ್ತರರಿಗೆ ಪಾಠ ಒಪ್ಪಿಸುವ ಹುರುಪಿನಲ್ಲಿ ಕೂಗಿದರು: “ಅಗಬಾಈ! ಝುಪು ಮ್ಹಣಜೇ ನಕೋ! ಪೋರಗೀ ನಕೋ ಮ್ಹಣತೇಯ್!”

ಹುಡುಗಿ ಬೇಡ ಅನ್ನುತ್ತಿದ್ದಾಳೆಂದು ಸೊಲ್ಲಾಪುರದವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ತಂಗಿ ಟ್ರೇ ಕೆಳಗಿಟ್ಟಳು. ತಲೆಯೆತ್ತಿ, “ಹೌದ್ರಿ. ನಾ ನೌಕರಿ ಬಿಡಂಗಿಲ್ರಿ,” ಎಂದಳು.

ವರ ತಾಯಿಯ ಕಡೆ ತಿರುಗಿದ. “ಅವ್ವಾ, ನಂದೂ ಝುಪು. ಮನ್ಯಾಗ ಹೇಳಿದ್ರ ನೀ ಕೇಳವಲ್ಲಿ.”

“ನಿನಗ ಈ ಭಾಷಾ ಯಾವಾಗ ಬಂತೋ?”

“ಈಗ.”

ಅವಲಕ್ಕಿ ತಿಂದು ಐದೂ ಇಪ್ಪತ್ತಕ್ಕೆ ಹೊರಟರು. ಬಸ್ಸಿಗೆ ಸಾಕಷ್ಟು ಸಮಯವಿತ್ತು.

“ಭಾಷಾ ಚಲೋ ಅದ ಅಣ್ಣಾ,” ಎಂದಳು ತಂಗಿ, ನಗು ತಡೆಯಲಾರದೆ. “ಕಲಿಸೋ ದನಿ ಭಾಳ ದೊಡ್ಡದು.”

ಮರುದಿನ ಆಫೀಸಿಗೆ ಉಡಲು ಅವಳು ಸೀರೆ ಇಸ್ತ್ರಿ ಮಾಡಿದಳು. ನಾನು ಮಾವಶಿಯಿಂದ ಎರವಲು ತಂದ ಕಪ್ಪು-ಸಾಸರು ತೊಳೆದು, ಒರೆಸಿ, ಅದೇ ಸಂಜೆ ಏಳು ಗಂಟೆಗೆ ಕೊಡಲು ಹೋದೆ.

“ಉದ್ಯಾ ಸಾಡೇಪಾಚಲಾ?” ನಾಳೆಯೂ ಐದೂವರೆಗೇ ಪಾಠವೇ ಎಂದು ಅವರು ಆಸೆಯಿಂದ ಕೇಳಿದರು.

“ಝುಪು, ಮಾವಶಿ,” ಎಂದು ಕಪ್ಪುಗಳನ್ನು ಅವರ ಕೈಗಿಟ್ಟೆ.