ಹಾಡಿನಲ್ಲಿ ಉಳಿದ ಅಮ್ಮನ ಕೂಗು

ಇವತ್ತು ಚಿಕ್ಕಮಗಳೂರಿನ ಮೈದಾನದಲ್ಲಿ ಚಿಕ್ಕಪ್ಪನ ಬ್ಯಾಂಡಿನ ಕಾರ್ಯಕ್ರಮವಿತ್ತು. ಕೆಸರಿನ ಮೇಲೆ ಗೋಣಿಚೀಲ ಹಾಸಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮತ್ತೆ ಚಿಕ್ಕ ಹುಡುಗಿಯಾಗಿ ಗೋಣಿಬೀಡಿನ ನಮ್ಮ ಕಾಫಿ ಗೋಡೌನಿನಲ್ಲಿದ್ದೆ.

ಮೂಟೆ ತುಂಬಿದ್ದರೆ ಸದ್ದು ಗೋಡೆಗೆ ಬಡಿದು ವಾಪಸು ಬರುವುದಿಲ್ಲವೆಂದು ಚಿಕ್ಕಪ್ಪ ಮತ್ತು ಅವನ ಮೂವರು ಗೆಳೆಯರು ಅಲ್ಲೇ ಅಭ್ಯಾಸ ಮಾಡುತ್ತಿದ್ದರು. ಗದ್ದೆ ನಾಟಿಯ ಹಾಡಿಗೆ ಡೊಳ್ಳು, ಅದರ ಮೇಲೆ ಕರಕರ ಎನ್ನುವ ಗಿಟಾರು. ಅಪ್ಪನಿಗೆ ತಗಡು ಕೆರೆದಂತೆ ಕೇಳುತ್ತಿತ್ತಂತೆ. ನಾನಂತೂ ಮೂಟೆಗಳ ಮೇಲೆ ಮಲಗಿ ಕೇಳುತ್ತಲೇ ಇರುತ್ತಿದ್ದೆ.

ಮೊದಲ ಹಾಡು ರೆಕಾರ್ಡ್ ಮಾಡಿದ ದಿನ, ಗಿಟಾರು ನಿಲ್ಲುವುದಕ್ಕೂ ಅಮ್ಮ ಅಂಗಳದಿಂದ ಕೂಗುವುದಕ್ಕೂ ಸರಿಹೋಯಿತು.

"ಚಿನ್ನೀ, ಕತ್ಲಾಯ್ತು, ಮನೆಗೆ ಬಾರೆ."

ನನ್ನನ್ನು ಚಿನ್ನಿ ಎನ್ನುತ್ತಿದ್ದದ್ದು ಅವಳೊಬ್ಬಳೇ. ನಾನು ಉತ್ತರ ಕೊಡುವಷ್ಟರಲ್ಲಿ ಚಿಕ್ಕಪ್ಪ ನನ್ನ ಬಾಯಿಗೆ ಕೈ ಅಡ್ಡ ಇಟ್ಟ. ಆಮೇಲೆ ರೆಕಾರ್ಡಾದದ್ದನ್ನು ಕೇಳಿಸಿದಾಗ ಅಮ್ಮ ಕೊನೆಯಲ್ಲಿದ್ದ ತನ್ನ ಕೂಗಿಗೆ ನಾಚಿಕೊಂಡು, "ಅದನ್ನ ಅಳಿಸ್ಬಿಡು ಮಾರಾಯ" ಎಂದಳು.

"ಇರ್ಲಿ ಅತ್ತಿಗೆ, ಹಾಡಿಗೆ ಅದೇ ಚೆಂದ."

ಹಾಡು ಊರೂರು ಸುತ್ತಿತು. ಚಿಕ್ಕಪ್ಪನಿಗೆ ಹೆಸರು ಬಂತು. ಅಮ್ಮ ತೀರಿಕೊಂಡಳು.

ಇವತ್ತು ಆ ಹಾಡಿನ ಕೊನೆಯಲ್ಲಿ ಚಿಕ್ಕಪ್ಪ ಮೈಕನ್ನು ಜನರ ಕಡೆ ತಿರುಗಿಸಿದ. ಇಡೀ ಮೈದಾನ ನನ್ನ ಹೆಸರು ಹಿಡಿದು ಮನೆಗೆ ಕರೆಯಿತು. ಪಕ್ಕದಲ್ಲಿದ್ದ ಕಾಲೇಜು ಹುಡುಗಿ, "ನೀವೂ ಕೂಗಿ ಆಂಟಿ" ಎಂದಳು.

ನನ್ನ ಬಾಯಿಂದ ಬಂದದ್ದು, "ಬಂದೆ ಅಮ್ಮ."

ಆ ಗಲಾಟೆಯಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.